ಜಂಬೂಸವಾರಿ ಮುಗಿದ ಮೇಲೆ ಕಸ ಯಾರ ಖರ್ಚು?

ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರ್ಗ್‌ಗೆ ಬರುವ ಪ್ರವಾಸಿಗರು 2026ರ ಜುಲೈ 24ರಿಂದ ರೂಮಿನ ಬಾಡಿಗೆ ಮೇಲೆ ಶೇ 5ರಷ್ಟು ಜಾಸ್ತಿ ಕೊಡಬೇಕು ಅಂತ ಇಲ್ಲಿನ ಸಿಟಿ ಕೌನ್ಸಿಲ್ ತೀರ್ಮಾನ ಮಾಡಿದೆ. ಊಟ ತಿಂಡಿಗೆ ಇಲ್ಲ, ಮಲಗುವ ಜಾಗಕ್ಕೆ ಮಾತ್ರ. ಸತತ ಐದು ರಾತ್ರಿ ಆದಮೇಲೆ ಅದೂ ಇಲ್ಲ. ಬಂದ ದುಡ್ಡನ್ನು ಪ್ರವಾಸಿಗರು ಬಳಸುವ ಸೌಕರ್ಯಗಳಿಗೇ ಖರ್ಚು ಮಾಡಬೇಕು. ಮೈಸೂರಿಗೂ ಇಂಥದ್ದೊಂದು ದಾರಿ ಬೇಕು ಅನ್ನುವುದು ನನ್ನ ವಾದ. ಲಾಡ್ಜ್ ನಡೆಸುವವರು ಇಷ್ಟು ಓದಿದ ಕೂಡಲೇ ಮುಖ ಗಂಟು ಹಾಕಿಕೊಳ್ಳುತ್ತಾರೆ, ಗೊತ್ತು. ಸ್ವಲ್ಪ ತಾಳಿ.

ಎರಡೂ ಊರಿನ ಕಷ್ಟ ಒಂದೇ. ಎಡಿನ್‌ಬರ್ಗ್‌ನಲ್ಲಿ ಬಂಡೆಯ ಮೇಲಿನ ಕೋಟೆ ನೋಡಲು ಜನ ಸಾಲು ನಿಲ್ಲುತ್ತಾರೆ. ಆ ಟಿಕೆಟ್ ದುಡ್ಡು ಕೌನ್ಸಿಲ್‌ಗೆ ಬರುವುದಿಲ್ಲ, ಸ್ಕಾಟ್ಲೆಂಡಿನ ಪಾರಂಪರಿಕ ಸ್ಮಾರಕಗಳ ಸಂಸ್ಥೆಗೆ ಹೋಗುತ್ತದೆ. ಮೈಸೂರಿನಲ್ಲೂ ಹಾಗೇ ಅಲ್ವಾ? ಅರಮನೆ ಟಿಕೆಟ್ ಅರಮನೆ ಮಂಡಳಿಗೆ. ಮೃಗಾಲಯದ್ದು ಮೃಗಾಲಯ ಪ್ರಾಧಿಕಾರಕ್ಕೆ. ರೈಲ್ವೆ ಮ್ಯೂಸಿಯಂನದ್ದು ರೈಲ್ವೆಗೆ. ದಸರೆಯ ಅನುದಾನ ಬರುವುದು ಬೆಂಗಳೂರಿನಿಂದ. ಪಾಲಿಕೆಗೆ ಉಳಿಯುವುದು ಗುಡಿಸುವುದು, ಚರಂಡಿ, ಬೀದಿದೀಪ, ಜೊತೆಗೆ ಎಲ್ಲರ ಬೈಗುಳ.

ಲಾಡ್ಜುಗಳು ಆಸ್ತಿ ತೆರಿಗೆ ಕಟ್ಟುತ್ತವೆ, ನಿಜ. ಆದರೆ ಲಾಡ್ಜ್ ಖಾಲಿ ಹೊಡೆದರೂ ಅಷ್ಟೇ ತೆರಿಗೆ, ದಸರೆಯಲ್ಲಿ ತುಂಬಿ ತುಳುಕಿದರೂ ಅಷ್ಟೇ. ರೂಮಿನ ಮೇಲಿನ ಜಿಎಸ್‌ಟಿ ದೆಹಲಿಗೂ ಬೆಂಗಳೂರಿಗೂ ಹೋಗುತ್ತದೆ. ಊರಿಗೆ ಪ್ರವಾಸಿಗರು ಎರಡು ಪಟ್ಟು ಬಂದರೆ ಪಾಲಿಕೆಗೆ ಕೆಲಸ ಎರಡು ಪಟ್ಟಾಗುತ್ತದೆ, ಆದಾಯ ಹಾಗೇ ಇರುತ್ತದೆ.

ಪ್ರವಾಸೋದ್ಯಮ ಅಂದರೆ ನಾವು ಜಾಹೀರಾತು, ಲೈಟಿಂಗ್, ಬ್ರ್ಯಾಂಡ್ ಅಂಬಾಸಿಡರ್ ಅಂತ ಮಾತಾಡುತ್ತೇವೆ. ಅದನ್ನು ನಿಜವಾಗಿ ನಡೆಸುವವರು ಯಾರು ಅಂತ ಎಡಿನ್‌ಬರ್ಗ್‌ಗೆ 2022ರ ಆಗಸ್ಟ್‌ನಲ್ಲಿ ಗೊತ್ತಾಯಿತು. ಫ್ರಿಂಜ್ ಕಲಾ ಹಬ್ಬ ಜೋರಾಗಿ ನಡೆಯುತ್ತಿತ್ತು. ಕಸ ಎತ್ತುವ ನೌಕರರು ಸಂಬಳ ಜಾಸ್ತಿ ಕೇಳಿ ಮುಷ್ಕರ ಹೂಡಿದರು. ಹಳೇ ಊರಿನ ಕಲ್ಲುಹಾಸಿನ ಬೀದಿಗಳಲ್ಲಿ ತೊಟ್ಟಿಗಳು ತುಂಬಿ ಹೊರಚೆಲ್ಲಿದವು. ದೇಶದೇಶಗಳಿಂದ ಬಂದವರು ಕೋಟೆಯ ಫೋಟೊ ಬಿಟ್ಟು ಕಸದ ಫೋಟೊ ತೆಗೆದರು. ಪ್ರವಾಸಿ ಸುಂಕದ ಮಾತು ಅದಕ್ಕೂ ಹಿಂದಿನದೇ. ಆದರೆ ಹಬ್ಬದ ಖರ್ಚು ಯಾರ ತಲೆ ಮೇಲೆ ಬೀಳುತ್ತದೆ ಅನ್ನುವುದನ್ನು ಆ ಕಸದ ರಾಶಿ ಎಲ್ಲರಿಗೂ ತೋರಿಸಿತು.

ಮೈಸೂರು 2015ರಲ್ಲೂ 2016ರಲ್ಲೂ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೊದಲು ಬಂತು. ಅದು ಪೌರಕಾರ್ಮಿಕರ ದುಡಿಮೆ. ಜಂಬೂಸವಾರಿ ಅರಮನೆಯಿಂದ ಬನ್ನಿಮಂಟಪ ಮುಟ್ಟುವಷ್ಟರಲ್ಲಿ ರಸ್ತೆಯ ಎರಡೂ ಬದಿ ಏನಾಗಿರುತ್ತದೆ ಅಂತ ನೋಡಿದವರಿಗೆ ಗೊತ್ತು. ನೀರಿನ ಬಾಟಲಿ, ಚುರುಮುರಿ ಪೊಟ್ಟಣ, ಕೂರಲು ಹಾಸಿಕೊಂಡ ಪೇಪರ್. ಅದನ್ನು ಎತ್ತುವ ಖರ್ಚಿನಲ್ಲಿ, ನೋಡಲು ಬಂದವರದೂ ಒಂದು ಪಾಲು ಬೇಡವೇ?

ಇನ್ನು ದೇವರಾಜ ಮಾರುಕಟ್ಟೆ. ಅರಮನೆ ಆದಮೇಲೆ ವಿದೇಶಿಗರು ಹುಡುಕಿಕೊಂಡು ಹೋಗುವ ಜಾಗ. ಕುಂಕುಮದ ಗೋಪುರ, ಮಲ್ಲಿಗೆ, ವೀಳ್ಯದೆಲೆ, ರಸಬಾಳೆ. ಇದು ಪಾಲಿಕೆಯದೇ ಆಸ್ತಿ. 2016ರಲ್ಲಿ ಅದರ ಒಂದು ಭಾಗ ಕುಸಿಯಿತು. ಅದಕ್ಕೂ ಮೊದಲು, 2012ರಲ್ಲಿ, ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ವರು ಸತ್ತರು. ಕೆಡವಿ ಕಟ್ಟುವುದೋ ರಿಪೇರಿ ಮಾಡುವುದೋ ಅನ್ನುವ ಜಗಳ ಕೋರ್ಟಿಗೆ ಹೋಯಿತು. ವರ್ಷಗಳು ಕಳೆದವು. ನನ್ನ ಒಲವು ರಿಪೇರಿಯ ಕಡೆಗೆ. ಆದರೆ ಎರಡರಲ್ಲಿ ಯಾವುದಕ್ಕಾದರೂ ದುಡ್ಡು ಬೇಕು. ಪ್ರತಿ ಸಲವೂ ಬೆಂಗಳೂರಿನ ಅನುದಾನ ಕಾಯುವ ಪಾಲಿಕೆಗೆ ಸ್ವಂತ ತೀರ್ಮಾನ ಅನ್ನುವುದೇ ಕಷ್ಟ.

ಹಾಗಂತ ಎಡಿನ್‌ಬರ್ಗ್‌ನದ್ದನ್ನು ಹಾಗೇ ಎತ್ತಿ ತಂದರೆ ನಡೆಯುವುದಿಲ್ಲ. ಮೊದಲನೆಯದು ಕಾನೂನು. ರೂಮಿನ ಬಾಡಿಗೆ ಮೇಲೆ ಹಿಂದೆ ಇದ್ದ ಲಕ್ಷುರಿ ಟ್ಯಾಕ್ಸ್ 2017ರಲ್ಲಿ ಜಿಎಸ್‌ಟಿಯೊಳಗೆ ಸೇರಿಹೋಯಿತು, ಈಗ ಅದರ ಮೇಲೆ ಬೇರೆ ತೆರಿಗೆ ಹಾಕುವುದು ಸುಲಭವಲ್ಲ. ಇನ್ನೊಂದು, ಮೈಸೂರಿಗೆ ಬರುವ ಎಷ್ಟೋ ಜನ ರೂಮೇ ಹಿಡಿಯುವುದಿಲ್ಲ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಬಂದ ಮೇಲಂತೂ ಬೆಳಿಗ್ಗೆ ಬೆಂಗಳೂರು ಬಿಟ್ಟು, ಅರಮನೆ ಬೆಟ್ಟ ನೋಡಿ, ರಾತ್ರಿ ಊಟಕ್ಕೆ ವಾಪಸ್. ಮದ್ದೂರಿನ ಹಳೇ ರಸ್ತೆಯ ಹೋಟೆಲಿನವರನ್ನು ಕೇಳಿ, ಬೈಪಾಸ್ ಏನು ಮಾಡಿತು ಅಂತ. ಮೊದಲು ವಡೆ ತಿನ್ನಲಾದರೂ ಕಾರು ನಿಲ್ಲುತ್ತಿತ್ತು. ಶ್ರೀರಂಗಪಟ್ಟಣದ ಪುರಸಭೆಗೂ ಇದೇ ಪಾಡು. ದರಿಯಾ ದೌಲತ್ ಟಿಕೆಟ್ ಪುರಾತತ್ವ ಇಲಾಖೆಗೆ, ಕಾರು ಕಿಟಕಿಯಿಂದ ಬಿಸಾಡಿದ ಕವರು ಪುರಸಭೆಗೆ.

ಆದ್ದರಿಂದ ನಮ್ಮಲ್ಲಿ ರೂಮಿಗಿಂತ ಟಿಕೆಟ್ ವಾಸಿ. ಜಿಎಸ್‌ಟಿ ತಂದಾಗಲೂ ಮನರಂಜನೆ ಮೇಲಿನ ತೆರಿಗೆಯನ್ನು ಪಂಚಾಯಿತಿ, ನಗರಸಭೆ, ಪಾಲಿಕೆಗಳಿಗೆ ಅಂತ ಸಂವಿಧಾನದಲ್ಲೇ ಉಳಿಸಿದ್ದಾರೆ. ಅದು ಅರಮನೆಗೆ ಹೊಂದುತ್ತದೋ ಇಲ್ಲವೋ ಅಂತ ವಕೀಲರು ವಾದ ಮಾಡಲಿ. ಅಷ್ಟು ದೂರ ಹೋಗುವುದೂ ಬೇಕಿಲ್ಲ. ಅರಮನೆ, ಮೃಗಾಲಯ ಎರಡೂ ರಾಜ್ಯ ಸರ್ಕಾರದ ಹಿಡಿತದಲ್ಲೇ ಇವೆ. ಪ್ರತಿ ಟಿಕೆಟ್ಟಿನಲ್ಲೂ ಕಾರು ಪಾರ್ಕಿಂಗ್ ಚೀಟಿಯಲ್ಲೂ ಇಷ್ಟು ರೂಪಾಯಿ ಪಾಲಿಕೆಗೆ ಅಂತ ಸರ್ಕಾರ ಮನಸ್ಸು ಮಾಡಿದರೆ ಸಾಕು. ಬೃಂದಾವನದಲ್ಲಿ ಅಕ್ಕಪಕ್ಕದ ಪಂಚಾಯಿತಿಗಳಿಗೂ ಹೀಗೇ ಮಾಡಬಹುದು.

ದುಡ್ಡು ಬಂದರೆ ನುಂಗುತ್ತಾರೆ ಅನ್ನುವವರಿದ್ದಾರೆ. ನನಗೂ ಆ ಭಯ ಇದೆ. ಎಡಿನ್‌ಬರ್ಗ್‌ನ 63 ಸದಸ್ಯರ ಕೌನ್ಸಿಲ್ ಈ ಸುಂಕಕ್ಕೆ ಒಪ್ಪಿಗೆ ಕೊಟ್ಟದ್ದು ತೆರೆದ ಸಭೆಯಲ್ಲಿ. ಹೋಟೆಲಿನವರೂ ಊರಿನವರೂ ಕೂರುವ ಸಲಹಾ ಸಮಿತಿ ಇರಲೇಬೇಕು ಅಂತ ಸ್ಕಾಟ್ಲೆಂಡಿನ ಕಾನೂನೇ ಹೇಳುತ್ತದೆ. ಮೈಸೂರಿನ 65 ವಾರ್ಡುಗಳ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು, ಆಮೇಲೆ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಯದೇ ಕಾರುಬಾರು. ಹಾಗಿದ್ದಾಗ ಲೆಕ್ಕ ಕೇಳುವವರು ಯಾರು? ಚುನಾಯಿತ ಸದಸ್ಯರು ಕೂತಿರುವ ಪಾಲಿಕೆಗೆ ಮಾತ್ರ ಈ ದುಡ್ಡು ಅಂತ ಷರತ್ತು ಹಾಕಲಿ. ಸಮಿತಿಯಲ್ಲಿ ಲಾಡ್ಜಿನವರ ಜೊತೆಗೆ ಟಾಂಗಾದವರು, ಹೂವಿನ ಅಂಗಡಿಯವರು, ಪೌರಕಾರ್ಮಿಕರೂ ಇರಲಿ. ಮೊದಲ ವರ್ಷದ ದುಡ್ಡಿನಲ್ಲಿ ಮಾರುಕಟ್ಟೆ ಸುತ್ತ ಹೆಂಗಸರು ಧೈರ್ಯವಾಗಿ ಹೋಗಬಲ್ಲ ಶೌಚಾಲಯ ಕಟ್ಟಿಸಿದರೆ ನಾನಂತೂ ತಕರಾರು ಮಾಡುವುದಿಲ್ಲ.