ಬೆಲ್ಚಿ ಅಂದ್ರೆ ಏನ್ ಸಾರ್?

ಈ ಸಲ ನಮ್ಮ ತಂಡದ ಕಾಲೇಜ್ ಹುಡುಗ್ರ ಕೈಲಿ 'ಬೆಲ್ಚಿ' ನಾಟಕ ಆಡ್ಸೋಣ ಅಂತ ಕೂತ್ವಿ, ಒಬ್ರಿಗೂ ಆ ಹೆಸರೇ ಗೊತ್ತಿಲ್ಲ. ಒಬ್ಬ ಮೊಬೈಲ್ ತೆಗ್ದು ಓದ್ದ, "ಬಿಹಾರದ ಒಂದು ಹಳ್ಳಿ ಸಾರ್, 1977 ಮೇ 27, 11 ಜನರನ್ನ ಕೊಂದು ಸುಟ್ಟಿದ್ದು, ಅದ್ರಲ್ಲಿ 8 ಜನ ದಲಿತ್ರು." ಓದಿ ಮೊಬೈಲ್ ಜೇಬಿಗಿಟ್ಟ. ಮುಗೀತು.

'ಸಮುದಾಯ' ಅನ್ನೋ ನಾಟಕ ತಂಡದೋರು ಸಿಜಿಕೆ (ಸಿ.ಜಿ. ಕೃಷ್ಣಸ್ವಾಮಿ) ನಿರ್ದೇಶನದಲ್ಲಿ ಊರೂರು ಸುತ್ತಿ ಆಡಿದ ಬೀದಿನಾಟಕ ಇದು. ಸ್ಟೇಜ್ ಬೇಡ ಲೈಟ್ ಬೇಡ, ಜನ ಸುತ್ತ ನಿಂತ್ರೆ ಸಾಕು.

ಮೊದಲ ಮೂರು ದಿನ ರಿಹರ್ಸಲ್‌ನಲ್ಲಿ ಬರೀ ನಗು. ಧಣಿ ಕಡೆಯವನು ಹೆಣ ಎಳ್ಕೊಂಡು ಹೋಗೋ ಕಡೆ ಹೆಣ ಆದವನೇ ಕಾಲು ಒದ್ದು ಸಹಾಯ ಮಾಡ್ತಿದ್ದ. ನಾಲ್ಕನೇ ದಿನ ಅವನಿಗೆ ಹೇಳ್ದೆ, ಪೂರ್ತಿ ಮೈ ಬಿಟ್ಬಿಡು ಮಾರಾಯ ಅಂತ. ಧಣಿ ಕಡೆಯವನು ರಟ್ಟೆ ಹಿಡಿದು ಎಳೆದ, ಅಂಗಿ ಗುಂಡಿ ಕಿತ್ಬಂತು, ತಲೆ ಒಂದ್ಕಡೆ ವಾಲ್ತು, ಅಲ್ಲೇ ನಿಂತ್ಬಿಟ್ಟ. "ಸಾರ್, ಇವನು ತುಂಬಾ ಭಾರ ಇದಾನೆ" ಅಂದ. ಆಮೇಲೆ ಯಾರೂ ನಗ್ಲಿಲ್ಲ. ಮೊಬೈಲಲ್ಲಿ ಓದಿದ 11 ಅನ್ನೋ ನಂಬರಿಗೆ ಈ ತೂಕ ಇರ್ಲಿಲ್ಲ ನೋಡಿ, ನಾನು ನಾಟಕ ನಾಟಕ ಅಂತ ಬಡ್ಕೊಳ್ಳೋದು ಇದಕ್ಕೇ. (ಹಿಂದೆ ಕೊಳಲು ಊದ್ಸಿ ಜನರನ್ನ ಅಳ್ಸೋ ನಾಟಕದ ಬಗ್ಗೆ ಅಲ್ಲ ನಾನ್ ಹೇಳ್ತಿರೋದು, ಅತ್ತು ಮನೆಗೋಗಿ ಊಟ ಮಾಡಿ ಮಲಗ್ತಾರೆ ಅಷ್ಟೆ.)

ಚಿಂತಾಮಣಿ ಕಡೆ ಒಂದೂರಲ್ಲಿ ಶೋ. ಮುಗಿದ್ಮೇಲೆ ಒಬ್ಬ ಅಜ್ಜಿ ಬಂದು ಆ ಹೆಣ ಎಳೆದ ಹುಡುಗನ ಕೈ ಹಿಡ್ಕೊಂಡು, "ಬಿಹಾರ ಅಂತೀಯಲ್ಲಪ್ಪಾ, ಇದು ನಮ್ ಕಂಬಾಲಪಲ್ಲಿದಲ್ವಾ?" ಅಂದ್ರು. ಅವನು ಅದೇ ತಾಲ್ಲೂಕಿನೋನು, 2000ದ ಮಾರ್ಚ್ 11ಕ್ಕೆ ಅಲ್ಲಿ 7 ಜನ ದಲಿತರನ್ನ ಜೀವಂತ ಸುಟ್ಟಿದ್ದು ಅವನಿಗೆ ಗೊತ್ತೇ ಇರ್ಲಿಲ್ಲ. ಪಕ್ಕದಲ್ಲಿದ್ದ ಯಜಮಾನರೊಬ್ರು "ಹಳೇದೆಲ್ಲ ಯಾಕ್ರೀ ಕೆದಕ್ತೀರಾ" ಅಂತ ನನ್ ಮೇಲೆ ರೇಗಿದ್ರು. ಹಳೇದು ಅಂತೀರಲ್ಲ ಸ್ವಾಮಿ, ಸತ್ತೋರ ಮನೆಯೋರು ಇನ್ನೂ ಇದಾರೆ, ಸಾಕ್ಷಿಗಳು ಉಲ್ಟಾ ಹೊಡೆದು 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ ಆದ್ರು, 2014ರಲ್ಲಿ ಹೈಕೋರ್ಟಲ್ಲೂ ಅದೇ ಆಯ್ತು, ಇದರಲ್ಲಿ ಹಳೇದು ಯಾವ್ದು?

ಈಗ ಆ ಹುಡುಗ ಕಂಬಾಲಪಲ್ಲಿ ಬಗ್ಗೆನೇ ನಾಟಕ ಮಾಡ್ಬೇಕು ಅಂತ ಹಿಂದೆ ಬಿದ್ದಿದಾನೆ. ಮೊದ್ಲು ತೀರ್ಪು ಪೂರ್ತಿ ಓದು, ಆಮೇಲೆ ಮಾತಾಡೋಣ ಅಂದೆ. ನಿನ್ನೆ ರಾತ್ರಿ ಫೋನ್ ಮಾಡಿದ್ದ.

"ಸಾರ್, ಸಾಕ್ಷಿ ಪಾರ್ಟಿಗೆ ಯಾರನ್ನ ಹಾಕೋದು? ಆಡಕ್ಕೆ ಮಾತೇ ಇಲ್ವಲ್ಲ ಅವರಿಗೆ."