ಎಂಜಲೆಲೆಯಲ್ಲಿ ಅಲೈನರ್

ನನ್ನ ಭಾವಮೈದುನ ಇವತ್ತು ಬೆಳಿಗ್ಗೆಯೂ ಫೋನು ಮಾಡಿದ್ದ. ಮಗಳ ಹಲ್ಲಿಗೆ ತಂತಿಯ ಕ್ಲಿಪ್ಪು ಹಾಕಿಸುವ ಹಳೇ ಕಾಲದ ಯೋಚನೆಯನ್ನು ಬಿಟ್ಟು, ತಾನು ಹಾಕಿಕೊಂಡಿರುವಂಥ, ಹಲ್ಲುಗಳ ಮೇಲೆ ಕವಚದ ಹಾಗೆ ಕೂತು ಅವನ್ನು ಸರಿಸುವ ಪಾರದರ್ಶಕ ಪ್ಲಾಸ್ಟಿಕ್ಕಿನ ಅಲೈನರ್ ಕೊಡಿಸಿ ಎಂಬ ಉಪದೇಶವನ್ನು, ಕಳೆದ ಭಾನುವಾರ ಏನೂ ನಡೆದೇ ಇಲ್ಲವೇನೋ ಎಂಬಷ್ಟು ಉತ್ಸಾಹದಿಂದ ಪುನಃ ಒಪ್ಪಿಸಿದ. ಭಾನುವಾರವನ್ನು ಮರೆಯುವ ಉದಾರ ಮನಸ್ಸು ಅವನಿಗಿರಬಹುದು; ರೇಷ್ಮೆ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿಕೊಂಡು ಎಂಜಲೆಲೆಗಳ ರಾಶಿಯ ಮುಂದೆ ನಿಂತಿದ್ದ ನನಗೆ ಅದು ಇಲ್ಲ.

ವಿಷಯ ಇಷ್ಟೇ. ಒಂಬತ್ತನೇ ತರಗತಿಯಲ್ಲಿರುವ ಮಗಳ ಮೇಲ್ದವಡೆಯ ಕೋರೆಹಲ್ಲೊಂದು ಜಾಗ ಸಿಗದೆ ಪಕ್ಕದ ಹಲ್ಲಿನ ಮೇಲೆ ಹತ್ತಿ ಕುಳಿತಿದೆ. ಮುಂದಿನ ಎರಡು ಹಲ್ಲುಗಳು ಮಾತು ಬಿಟ್ಟ ವಾರಗಿತ್ತಿಯರ ಹಾಗೆ ಒಂದೊಂದು ದಿಕ್ಕಿಗೆ ತಿರುಗಿವೆ. 'ಹಲ್ಲಿನ ಮೇಲೆ ಹಲ್ಲು ಬಂದರೆ ಅದೃಷ್ಟ ಕಣೋ, ಮುಟ್ಟಿಸಬೇಡ' ಎಂದು ನನ್ನ ಅಮ್ಮ. ಆ ಅದೃಷ್ಟ ತನಗೆ ಬೇಡ ಎಂದು ಮಗಳು. ದಂತವೈದ್ಯರು ಎಕ್ಸ್‌ರೇ ತೆಗೆಸಿ, ಬಾಯಿಯ ಅಚ್ಚು ತೆಗೆದು, ಲೋಹದ ಕ್ಲಿಪ್ಪು, ಹಲ್ಲಿನ ಬಣ್ಣದ ಸೆರಾಮಿಕ್ ಕ್ಲಿಪ್ಪು, ಅಲೈನರ್ ಎಂದು ಮೂರು ದರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಮೂರನೆಯದನ್ನು ಓದುವಾಗ ನಾನೇ ಹಲ್ಲು ಕಚ್ಚಿದೆ.

ದುಡ್ಡಿನ ಮಾತು ಹಾಗಿರಲಿ. ಯಾವುದನ್ನು ಹಾಕಿಸಿದರೂ ಹಲ್ಲು ಸರಿಯುವ ಕ್ರಮ ಒಂದೇ ಎಂದು ಅವರು ವಿವರಿಸಿದರು: ಹಲ್ಲಿನ ಮೇಲೆ ಮೆಲ್ಲಗೆ, ಬಿಡದೆ ಒತ್ತಡ ಹಾಕುತ್ತಿದ್ದರೆ ಒತ್ತಿದ ಕಡೆಯ ದವಡೆಯ ಮೂಳೆ ಕರಗುತ್ತದೆ, ಬಿಟ್ಟ ಕಡೆ ಹೊಸ ಮೂಳೆ ಬೆಳೆಯುತ್ತದೆ, ಹಲ್ಲು ಆ ಸಂದಿನಲ್ಲಿ ದಾರಿ ಮಾಡಿಕೊಳ್ಳುತ್ತದೆ. ಈ ಮಾತಿನಲ್ಲಿ ಮುಖ್ಯವಾದದ್ದು 'ಬಿಡದೆ' ಎಂಬುದು. ತಂತಿ ಹಲ್ಲಿಗೆ ಅಂಟಿಕೊಂಡೇ ಇರುತ್ತದೆಯಾದ್ದರಿಂದ ಅದಕ್ಕೆ ಬಿಡುವು ಕೊಡುವುದು ನಮ್ಮ ಕೈಯಲ್ಲಿಲ್ಲ. ಅಲೈನರ್ ಅನ್ನು ಬೇಕೆಂದಾಗ ತೆಗೆಯಬಹುದು. ಅದರ ಮಾರಾಟಗಾರರು ಮೊದಲು ಹೇಳುವ ಗುಣ ಇದು. ನನ್ನ ಅನುಭವದಲ್ಲಿ ಅದರ ಮೊದಲನೆಯ ದೋಷವೂ ಇದೇ.

ಭಾವಮೈದುನನ ಪ್ರಕಾರ ತಂತಿ ಎಂಬುದು ಇತಿಹಾಸ. ಇರಬಹುದು, ಫ್ರಾನ್ಸಿನ ಪಿಯರ್ ಫೋಶಾರ್ ಎಂಬ ದಂತವೈದ್ಯ ಲಾಳಾಕಾರದ ಲೋಹದ ಪಟ್ಟಿಗೆ ಹಲ್ಲುಗಳನ್ನು ದಾರದಿಂದ ಕಟ್ಟಿ ಸರಿಪಡಿಸುವ ವಿಧಾನವನ್ನು 1728ರಲ್ಲೇ ಪುಸ್ತಕದಲ್ಲಿ ಬರೆದಿದ್ದ. ಆದರೆ ಈಗಿನ ತಂತಿ ಆ ಕಾಲದ್ದಲ್ಲ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯವೊಂದರಲ್ಲಿ ಹುಟ್ಟಿ, 1970ರ ದಶಕದಲ್ಲಿ ದಂತವೈದ್ಯರ ಕೈಗೆ ಬಂದ ನಿಕ್ಕಲ್–ಟೈಟೇನಿಯಂ ಮಿಶ್ರಲೋಹ ಅದು. ಎಷ್ಟು ಬಗ್ಗಿಸಿ ಕಟ್ಟಿದರೂ ತನ್ನ ಮೂಲದ ಕಮಾನಿಗೆ ಮರಳಲು ಹಟ ಹಿಡಿಯುತ್ತದೆ, ಮರಳುವಾಗ ಹಲ್ಲನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಇದನ್ನು ಅವನಿಗೆ ಹೇಳಿದೆ. ಅದಕ್ಕೆ ಅವನು, 1997ರಲ್ಲಿ ಸ್ಟ್ಯಾನ್‌ಫರ್ಡ್‌ನ ಜಿಯಾ ಚಿಶ್ತಿ ಮತ್ತು ಕೆಲ್ಸಿ ವರ್ತ್ ಎಂಬಿಬ್ಬರು ದಂತವೈದ್ಯ ಓದದೆಯೇ ಕ್ಯಾಲಿಫೋರ್ನಿಯದಲ್ಲಿ ಅಲೈನರ್ ಕಂಪನಿ ಕಟ್ಟಿದ ಕಥೆಯನ್ನು ಹೇಳಿದ. ಈ ಕಥೆಯನ್ನು ಅವನು ಎಲ್ಲರಿಗೂ ಹೇಳುತ್ತಾನೆ, ಹಾಲಿನವನಿಗೂ ಹೇಳಿರುವ ಸಾಧ್ಯತೆ ಇದೆ. ಅವನ ಬಾಯಲ್ಲಿರುವುದು ಆ ಕಂಪನಿಯದ್ದಲ್ಲ ಎಂಬುದು ಬೇರೆ ಮಾತು.

ಅಲೈನರ್ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು. ಹಾಕಿಕೊಂಡಿರುವಾಗ ನೀರು ಬಿಟ್ಟು ಬೇರೇನನ್ನೂ ಕುಡಿಯಬಾರದು, ತಿನ್ನಬಾರದು. ತಿಂದ ಮೇಲೆ ಹಲ್ಲುಜ್ಜಿಯೇ ಮತ್ತೆ ಹಾಕಿಕೊಳ್ಳಬೇಕು. ಈ ನಿಯಮವನ್ನು ಬರೆದವರಿಗೆ ಮೈಸೂರಿನ ಮನೆಗಳ ಪರಿಚಯ ಇದ್ದಂತಿಲ್ಲ. ಎದ್ದ ಕೂಡಲೇ ಕಾಫಿ, ಆಮೇಲೆ ತಿಂಡಿ, ತಿಂಡಿಯ ಮೇಲೆ ಅರ್ಧ ಲೋಟ ಕಾಫಿ, ಹನ್ನೊಂದು ಗಂಟೆಗೆ ಯಾರಾದರೂ ಬಂದರೆಂದು ಒಂದು ಕಾಫಿ, ಊಟ, ಊಟದ ಮೇಲೆ ಅಡಿಕೆಯ ಚೂರು, ಸಂಜೆ ಕುರುಕಲು, ರಾತ್ರಿ ಊಟ, ಮಲಗುವ ಮುನ್ನ ಡಬ್ಬಿಯಲ್ಲಿ ಉಳಿದ ಕೋಡುಬಳೆಯ ಮೇಲಿನ ಕನಿಕರ: ಇಷ್ಟನ್ನೂ ಎರಡು ಗಂಟೆಯೊಳಗೆ ಮುಗಿಸಬೇಕಾದರೆ ನಾವು ಉಣ್ಣುವುದನ್ನು ಬಿಟ್ಟು ನುಂಗುವುದನ್ನು ಕಲಿಯಬೇಕು.

ಭಾವಮೈದುನ ಅದನ್ನು ಕಲಿತಿದ್ದಾನೆ. ನಮ್ಮ ಮನೆಗೆ ಬಂದಾಗ ಕಾಫಿ ಮೇಜಿಗೆ ಬರುತ್ತಿದ್ದಂತೆಯೇ 'ಒಂದು ನಿಮಿಷ ಭಾವ' ಎನ್ನುತ್ತಾನೆ. ಈ 'ಒಂದು ನಿಮಿಷ'ಕ್ಕೆ ಅವನು ಬಚ್ಚಲಿಗೆ ಹೋಗುವುದಿಲ್ಲ, ಗೋಡೆಯ ಕಡೆಗೂ ತಿರುಗುವುದಿಲ್ಲ; ನಮ್ಮೆಲ್ಲರ ಎದುರಿಗೇ ಎರಡು ಬೆರಳುಗಳನ್ನು ಬಾಯೊಳಗೆ ಹಾಕಿ 'ಟಕ್' ಎಂದು ಮೇಲಿನದನ್ನು, 'ಟಕ್' ಎಂದು ಕೆಳಗಿನದನ್ನು ಕೀಳುತ್ತಾನೆ, ಎರಡಕ್ಕೂ ನಡುವೆ ಎಳೆದ ಜೊಲ್ಲಿನ ಎಳೆಯನ್ನು ಸಾವಧಾನವಾಗಿ ಕತ್ತರಿಸುತ್ತಾನೆ, ಆಮೇಲೆ ಆ ಜೋಡಿಯನ್ನು ತಟ್ಟೆಯ ಬದಿಯಲ್ಲಿ, ಬಿಸ್ಕತ್ತಿನ ನೆರೆಯಲ್ಲಿ ಇಡುತ್ತಾನೆ. ಮೊಬೈಲಿನಲ್ಲಿ ಸಮಯ ಲೆಕ್ಕ ಇಡುವ ಆ್ಯಪ್ ಒಂದಿದೆ. ಅದನ್ನು ಒತ್ತಿ, ಅದನ್ನೇ ನೋಡುತ್ತ ಕಾಫಿ ಕುಡಿಯುತ್ತಾನೆ. ಕುಡಿದು, ಜೇಬಿನಿಂದ ಬ್ರಷ್ ತೆಗೆದು, ನಮ್ಮ ಬೇಸಿನ್ನಿನ ಮುಂದೆ ಸಾಕಷ್ಟು ಹೊತ್ತು ಉಜ್ಜಿ, ಎರಡನ್ನೂ ಸಿಕ್ಕಿಸಿಕೊಂಡು ಬಂದು ಕೂರುವ ಹೊತ್ತಿಗೆ ನನ್ನ ಹೆಂಡತಿ ಚಕ್ಕುಲಿ ತರುತ್ತಾಳೆ. 'ಒಂದು ನಿಮಿಷ ಭಾವ.' ಟಕ್, ಟಕ್. ಈಚೆಗೆ ಅವಳು ತಮ್ಮ ಬಂದರೆ ಕಾಫಿ, ಚಕ್ಕುಲಿ, ಬಾಳೆಹಣ್ಣು, ಊಟದ ಮೇಲಿನ ಮಜ್ಜಿಗೆ ಎಲ್ಲವನ್ನೂ ಒಟ್ಟಿಗೇ ತಂದಿಟ್ಟು, 'ಇನ್ನು ಮೂರು ಗಂಟೆಯ ತನಕ ನಿನ್ನ ಬಾಯಿಗೆ ರಜ' ಎಂದು ಎದ್ದುಹೋಗುತ್ತಾಳೆ.

ಇನ್ನು ಭಾನುವಾರ. ನಮ್ಮ ಹತ್ತಿರದ ಸಂಬಂಧಿಕರ ಮಗನ ಉಪನಯನ, ಛತ್ರದಲ್ಲಿ ಎರಡನೆಯ ಪಂಕ್ತಿ. ಅಲೈನರಿನ ಡಬ್ಬಿಯನ್ನು ಭಾವಮೈದುನ ಕಾರಿನಲ್ಲೇ ಬಿಟ್ಟು ಬಂದಿದ್ದ. ಕೋಸಂಬರಿ ಬಡಿಸುವ ಹೊತ್ತಿಗೆ ಟಕ್, ಟಕ್ ಆಯಿತು. ಜೋಡಿ ಒಂದು ಟಿಶ್ಯೂ ಕಾಗದದೊಳಗೆ ಸೇರಿ ಎಲೆಯ ಎಡಗಡೆ, ನೀರಿನ ಬಾಟಲಿಯ ಮಗ್ಗುಲಲ್ಲಿ ಕುಳಿತಿತು. ಹೋಳಿಗೆಯನ್ನು ಅವನು ಎರಡು ಸಲ ಹಾಕಿಸಿಕೊಂಡ. ಕೈ ತೊಳೆಯಲು ಹೋದವನು ಅಲ್ಲಿ ಸಿಕ್ಕ ದಾಯಾದಿಯೊಬ್ಬನಿಗೆ ಸ್ಟ್ಯಾನ್‌ಫರ್ಡ್ ಕಥೆಯನ್ನು ಆರಂಭಿಸಿದ. ಅಷ್ಟರಲ್ಲಿ ಛತ್ರದ ಹುಡುಗ, ಮೇಜಿನ ಮೇಲೆ ಹಾಸಿದ್ದ ಕಾಗದವನ್ನು ಈ ತುದಿಯಿಂದ ಆ ತುದಿಯವರೆಗೆ ಎಲೆ, ಲೋಟ, ಬಾಟಲಿಗಳ ಸಮೇತ ಸುರುಳಿ ಸುತ್ತಿ ಹೊತ್ತುಕೊಂಡು ಹೋಗಿದ್ದ. ಕಥೆ ಮುಗಿಸಿ ಇವನು ಮರಳಿದಾಗ ಹೊಸ ಕಾಗದ, ಹೊಸ ಎಲೆ, ಮೂರನೆಯ ಪಂಕ್ತಿ; ಇವನ ಜಾಗದಲ್ಲಿ ಯಾರೋ ಹಿರಿಯರು ಪರಿಷೇಚನೆಗೆ ನೀರು ತೆಗೆದುಕೊಳ್ಳುತ್ತಿದ್ದರು. ಇವನು ಅವರ ಎಲೆಯನ್ನೇ ಎತ್ತಿ ಕೆಳಗೆ ಇಣುಕಿದ. ಅವರು ನೋಡಿದ ನೋಟವನ್ನು ನಾನು ಬಣ್ಣಿಸಲಾರೆ.

ಅಡುಗೆಮನೆಯ ಹಿಂದೆ ನೀಲಿ ಡ್ರಮ್ಮುಗಳ ಸಾಲಿತ್ತು. 'ಏನ್ ಸಾರ್ ಕಳೆದಿದ್ದು, ಉಂಗುರಾನಾ?' ಎಂದು ಹುಡುಗ ಕೇಳಿದ. 'ಅಲ್ಲಪ್ಪ, ಹಲ್ಲಿಂದು' ಎಂದು ಭಾವಮೈದುನ ಹೇಳಿದ. ಅಷ್ಟೇ ಸಾಕಾಯಿತು. ಹುಡುಗನಿಂದ ಬಡಿಸುವವರಿಗೆ, ಬಡಿಸುವವರಿಂದ ಪಂಕ್ತಿಗೆ, ಪಂಕ್ತಿಯಿಂದ ಹೆಂಗಸರ ಕೋಣೆಗೆ ಸುದ್ದಿ ಹೋಗುವಷ್ಟರಲ್ಲಿ, ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನ ಹಲ್ಲಿನ ಸೆಟ್ಟು ಕಳೆದುಹೋಗಿದೆ, ಪಾಪ ಈ ವಯಸ್ಸಿಗೇ ಒಂದೂ ಸ್ವಂತದ್ದಿಲ್ಲವಂತೆ ಎಂದು ನಿಶ್ಚಯವಾಗಿತ್ತು. ಇವನಿಗೆಂದು ಹೆಣ್ಣಿನ ಜಾತಕ ತಂದಿದ್ದ ಸೋದರತ್ತೆಯೊಬ್ಬರು ಅದನ್ನು ಮಡಿಸಿ ಮತ್ತೆ ಚೀಲಕ್ಕೆ ಹಾಕಿಕೊಂಡುದನ್ನು ನನ್ನ ಹೆಂಡತಿ ಕಣ್ಣಾರೆ ಕಂಡಳು. ಎಂಬತ್ತು ದಾಟಿದ ಹಿರಿಯರೊಬ್ಬರು ಕೋಲೂರಿಕೊಂಡು ಹಿತ್ತಿಲಿಗೇ ಬಂದು, ತಮ್ಮದೂ ಹೀಗೆಯೇ ಒಂದು ಮದುವೆಯಲ್ಲಿ ಹೋದದ್ದನ್ನು ಹೇಳಿ, ಇವನ ಬೆನ್ನು ಸವರಿದರು. 'ಊಟಕ್ಕೆ ಕೂತಾಗ ತೆಗೀಬಾರದು ಮಗು, ಅದರಲ್ಲೇ ಅಗಿಯೋದನ್ನ ಅಭ್ಯಾಸ ಮಾಡ್ಕೋಬೇಕು. ರಾತ್ರಿ ಮಾತ್ರ ಲೋಟದ ನೀರಲ್ಲಿ ಹಾಕಿಡು.' ಇದು ಅದಲ್ಲ, ಇದು ಅಲೈನರ್, ನನ್ನ ಹಲ್ಲುಗಳೆಲ್ಲ ಇವೆ ಎಂದು ಭಾವಮೈದುನ ಬಾಯಿ ಅಗಲಿಸಿ ತೋರಿಸಿದ. ಹಿರಿಯರು ಕನ್ನಡಕ ಸರಿಮಾಡಿಕೊಂಡು ನೋಡಿ, 'ಎಲ್ಲಾ ಇದ್ದ ಮೇಲೆ ಸೆಟ್ಟು ಯಾಕಪ್ಪ?' ಎಂದರು. ಆ ಪ್ರಶ್ನೆಗೆ ಅಲ್ಲಿ, ಆ ವಾಸನೆಯಲ್ಲಿ, ಸಮರ್ಪಕವಾದ ಉತ್ತರ ಹೊಳೆಯಲಿಲ್ಲ.

ಹುಡುಕುವುದಾದರೂ ಸುಲಭವೇ? ಯಾರಿಗೂ ಕಾಣಬಾರದೆಂದೇ ಲಕ್ಷಕ್ಕೂ ಮಿಕ್ಕಿ ಕೊಟ್ಟು ಮಾಡಿಸಿದ ವಸ್ತು ಅದು. ಮಾಡಿದವರು ಮಾತಿಗೆ ತಪ್ಪಿರಲಿಲ್ಲ, ಯಾರಿಗೂ ಕಾಣಲಿಲ್ಲ. ಸಾರಿನಲ್ಲಿ ನೆನೆದ ಸಬ್ಬಕ್ಕಿ ಸಂಡಿಗೆ ಅಲೈನರಿಗೆ ಎಷ್ಟು ಹತ್ತಿರದ ರೂಪ ತಾಳುತ್ತದೆ ಎಂಬುದನ್ನು ನಾನು ಅಂದು ತಿಳಿದೆ. ಕೊನೆಗೆ ಕೆಳದವಡೆಯದ್ದು ಮಡಿಸಿದ ಎಲೆಯೊಂದರೊಳಗೆ ಹೋಳಿಗೆಯ ಹೂರಣ ಮೆತ್ತಿಕೊಂಡು ಸಿಕ್ಕಿತು, ಮೇಲಿನದು ಸಿಗಲೇ ಇಲ್ಲ. ಕುದಿಯುವ ನೀರಿನಲ್ಲಿ ಅದ್ದಿ ಕೊಡುತ್ತೇನೆಂದು ಅಡುಗೆಯವರು ಇಕ್ಕಳ ಹಿಡಿದು ಮುಂದೆ ಬಂದರು; ಬಿಸಿ ತಾಗಿದರೆ ಸೊಟ್ಟಗಾಗುತ್ತದೆ ಎಂದು ಭಾವಮೈದುನ ಕಿರುಚಿದ. ಹೊಸದು ಬರುವವರೆಗೆ, ಇದಕ್ಕೆ ಮೊದಲು ಹಾಕಿಕೊಂಡು ಮುಗಿಸಿದ ಹಿಂದಿನ ಸೆಟ್ಟನ್ನೇ ಹಾಕಿಕೊಂಡಿರಿ, ಇಲ್ಲವಾದರೆ ಹಲ್ಲು ವಾಪಸು ಹೊರಡುತ್ತದೆ ಎಂದು ಅವನ ವೈದ್ಯರು ಫೋನಿನಲ್ಲಿ ಹೇಳಿದರು. ಹಿಂದಿನ ಸೆಟ್ಟು ಬೆಂಗಳೂರಿನಲ್ಲಿತ್ತು. ತಾಂಬೂಲವನ್ನೂ ತೆಗೆದುಕೊಳ್ಳದೆ ಹೊರಟುಹೋದ.

ಈ ಗದ್ದಲದ ನಡುವೆ ಮಗಳು ಹಿತ್ತಿಲ ಬಾಗಿಲಲ್ಲಿ ನಿಂತು ಬಿದ್ದು ಬಿದ್ದು ನಗುತ್ತಿದ್ದಳು. ಮೊದಲ ಹಾಲುಹಲ್ಲು ಬಿದ್ದಾಗ ಅದನ್ನು ಸಗಣಿಯಲ್ಲಿಟ್ಟು ಅಜ್ಜಿಮನೆಯ ಹೆಂಚಿನ ಮೇಲೆ ಎಸೆದು, ಖಾಲಿ ಜಾಗವನ್ನು ಕ್ಯಾಮೆರಾಕ್ಕೆ ಹೆಮ್ಮೆಯಿಂದ ತೋರಿಸಿದ ಹುಡುಗಿ ಅವಳು. ಯಾವಾಗಲೋ, ನಮಗೆ ತಿಳಿಯದ ಯಾವುದೋ ದಿನದಿಂದ, ಫೋಟೊಗಳಲ್ಲಿ ತುಟಿ ಬಿಗಿದು ನಿಲ್ಲಲು ಶುರುಮಾಡಿದಳು, ನಗುವಾಗ ಅಂಗೈ ಅಡ್ಡ ಹಿಡಿಯತೊಡಗಿದಳು. ಶಾಲೆಯಲ್ಲಿ ಯಾರು ಏನಂದರೋ, ಕೇಳಿದರೆ ಹೇಳುವುದಿಲ್ಲ. ಅಂದು ಅವಳ ಎರಡು ಕೈಗಳೂ ಹೊಟ್ಟೆಯನ್ನು ಹಿಡಿದುಕೊಂಡಿದ್ದವು. ಹಲ್ಲಿನ ಮೇಲಿನ ಆ ಹಲ್ಲು ಬಹಳ ದಿನಗಳ ಮೇಲೆ ನನಗೆ ಪೂರ್ತಿಯಾಗಿ ಕಾಣಿಸಿತು.

ಅಲೈನರನ್ನು ನಾನು ಸಾರಾಸಗಟಾಗಿ ತಳ್ಳಿಹಾಕುವುದಿಲ್ಲ. ತುಟಿಯ ಒಳಗೆ ತಂತಿ ಚುಚ್ಚಿ ಹುಣ್ಣಾಗುವ ಬಾಧೆ ಅದರಲ್ಲಿಲ್ಲ, ಹಲ್ಲುಜ್ಜುವುದು ಸಲೀಸು, ಸ್ವಲ್ಪವೇ ಸೊಟ್ಟಗಿರುವ ಹಲ್ಲುಗಳಿಗೆ, ಶಿಸ್ತಿನ ದೊಡ್ಡವರಿಗೆ ಚೆನ್ನಾಗಿಯೇ ಒಗ್ಗುತ್ತದೆ. ನಮ್ಮ ವೈದ್ಯರೂ ಅದನ್ನೇ ಹೇಳಿ, ಮಗಳಿಗೆ ಎರಡು ಹಲ್ಲು ಕಿತ್ತು ಕೋರೆಹಲ್ಲನ್ನು ದೂರದಿಂದ ಎಳೆದು ತರಬೇಕಿರುವುದರಿಂದ ತಮ್ಮ ಒಲವು ತಂತಿಯ ಕಡೆಗೇ ಎಂದಿದ್ದರು. ಅದಕ್ಕೆ ಚಕ್ಕುಲಿ, ಕೋಡುಬಳೆ, ಕಬ್ಬು ಬಿಡಬೇಕು; ತಿಂಗಳಿಗೊಮ್ಮೆ ಹೋಗಿ ಬಿಗಿ ಮಾಡಿಸಿಕೊಳ್ಳಬೇಕು; ಬಿಗಿಯಾದ ಒಂದೆರಡು ದಿನ ಮೆತ್ತಗೆ ಕಲಸಿದ ಅನ್ನವೇ ಗತಿ. ಎಲ್ಲ ಮುಗಿದ ಮೇಲೆ, ಸರಿಹೋದ ಹಲ್ಲು ಮತ್ತೆ ಜರುಗದಂತೆ ಹಿಡಿದಿಡುವ ರಿಟೇನರ್ ಎಂಬುದೊಂದಿದೆ, ಅದು ಎರಡು ಪಂಗಡಕ್ಕೂ ತಪ್ಪಿದ್ದಲ್ಲ.

ಇವತ್ತಿನ ಫೋನನ್ನು ಮಗಳೇ ತೆಗೆದುಕೊಂಡಳು. 'ಮಾವ, ನಂಗೆ ಕಳೆದುಹೋಗದೇ ಇರೋದು ಬೇಕು' ಎಂದು ಹೇಳಿ ಮಾತು ಮುಗಿಸಿದಳು. ಈಗ ಮನೆಯಲ್ಲಿ ನಡೆಯುತ್ತಿರುವ ಚರ್ಚೆ, ತಂತಿಯನ್ನು ಹಿಡಿದಿಡುವ ರಬ್ಬರ್ ಬಳೆಗಳ ಬಣ್ಣದ ಬಗ್ಗೆ. ರಾಜ್ಯೋತ್ಸವದ ಲೆಕ್ಕದಲ್ಲಿ ಒಂದು ಕೆಂಪು, ಒಂದು ಹಳದಿ ಬೇಕೆಂದು ಅವಳ ಬೇಡಿಕೆ. ಕೆಂಪನ್ನು ಕೇಳಿ ಹಾಕಿಸಿಕೋ, ಹಳದಿಯನ್ನು ಕೇಳುವ ಅಗತ್ಯವಿಲ್ಲ, ಬಣ್ಣವಿಲ್ಲದ್ದನ್ನೇ ಹಾಕಿದರೂ ನಮ್ಮ ಮನೆಯ ಹುಳಿ ನಾಲ್ಕು ದಿನದಲ್ಲಿ ಹಳದಿ ಮಾಡಿಕೊಡುತ್ತದೆ ಎಂದು ಅವಳ ಅಮ್ಮ ಹೇಳಿದ್ದಾಳೆ.