ಕೆಲಸ ಸುಲಭವಾಗಿದೆ, ದಯವಿಟ್ಟು ಸಹಕರಿಸಿ

ರೆಕಾರ್ಡಿಂಗ್ ಸಾಫ್ಟ್‌ವೇರ್‌ಗಳ ಲೋಕದಲ್ಲಿ ಯಾರೂ ಬರೆದಿಡದ ಕಾನೂನೊಂದಿದೆ. ನಿಮ್ಮ ಬೆರಳುಗಳು ಪರದೆ ನೋಡದೆ ಕೆಲಸ ಮಾಡುವುದನ್ನು ಕಲಿತ ಮರುದಿನವೇ ಹೊಸ ಆವೃತ್ತಿ ಬರಬೇಕು. ಬಂದದ್ದು ಬರಿಗೈಯಲ್ಲಿ ಬರುವುದಿಲ್ಲ, ನಿಮ್ಮ ವರ್ಕ್‌ಫ್ಲೋ ಬುಡದಿಂದ ತುದಿಯವರೆಗೆ ಬದಲಾಗಿದೆ ಎಂಬ ಶುಭವಾರ್ತೆಯನ್ನೂ ಹೊತ್ತು ತರುತ್ತದೆ. ಬದಲಿಸಿ ಎಂದು ಅರ್ಜಿ ಕೊಟ್ಟವರು ಯಾರು ಎಂಬುದು ಬಿಡುಗಡೆ ಟಿಪ್ಪಣಿಯಲ್ಲಿ ಎಲ್ಲಿಯೂ ಇರುವುದಿಲ್ಲ.

ಟಿಪ್ಪಣಿಯ ಜೊತೆಗೊಂದು ವಿಡಿಯೊ ಇರುತ್ತದೆ. ಒಬ್ಬ ಯುವಕ ಸೋಫಾದ ಮೇಲೆ ಕಾಲು ಮಡಚಿ ಕುಳಿತು, ಎಂಟು ಬಾರ್‌ಗಳ, ಅಂದರೆ ಎಂಟು ತಾಳಾವರ್ತಗಳ, ಡ್ರಮ್ ಲೂಪ್ ಒಂದನ್ನು ಎಳೆದು ತಂದು ಹಾಕಿ, ತಲೆಯಾಡಿಸುತ್ತಾನೆ. ಮೈಕಿಲ್ಲ, ಕೇಬಲ್ಲಿಲ್ಲ, ಗಾಜಿನ ಆಚೆ ಹೆಡ್‌ಫೋನ್ ಹಾಕಿಕೊಂಡು ಕಾಯುತ್ತಿರುವ ಗಾಯಕಿಯೂ ಇಲ್ಲ. ಹೊಸ ವಿನ್ಯಾಸ ಇವನಿಗಾಗಿ. ಇವನು ಇನ್ನೂ ಸಾಫ್ಟ್‌ವೇರ್ ಕೊಂಡಿಲ್ಲ, ಆದ್ದರಿಂದ ಇವನನ್ನು ಓಲೈಸಬೇಕು. ನೀವು ಆಗಲೇ ಕೊಂಡುಬಿಟ್ಟಿದ್ದೀರಿ, ನಿಮ್ಮನ್ನು ಓಲೈಸಿ ಆಗಬೇಕಾದದ್ದೇನು?

ಒಂದೇ ಒಂದು ಕೆಲಸವನ್ನು ಹತ್ತಿರದಿಂದ ನೋಡೋಣ: ಪಂಚ್-ಇನ್. ಚರಣದ ಮೂರನೇ ಸಾಲಿನಲ್ಲಿ ಒಂದು ಪದ ಶ್ರುತಿ ತಪ್ಪಿದೆ, ಅಷ್ಟನ್ನೇ ಮತ್ತೆ ಹಾಡಿಸಬೇಕು. ಹಳೆಯ ಕ್ರಮದಲ್ಲಿ ಆ ಪದವನ್ನು ಮೌಸ್‌ನಿಂದ ಎಳೆದು ಆಯ್ದುಕೊಂಡು, ಎರಡು ಬಾರ್ ಪ್ರೀ-ರೋಲ್ ಆನ್ ಇದೆಯೇ ಎಂದು ಕಣ್ಣಾಡಿಸಿ, ರೆಕಾರ್ಡ್ ಕೀ ಒತ್ತಿದರೆ ಆಯಿತು. ಪ್ರೀ-ರೋಲ್‌ನಿಂದಾಗಿ ಗಾಯಕಿಗೆ ಹಿಂದಿನ ಎರಡು ಬಾರ್ ಹಾಡು, ಅವರದೇ ದನಿಯ ಸಮೇತ, ಕಿವಿಗೆ ಬೀಳುತ್ತದೆ. ಶ್ರುತಿ, ಲಯ, ಉಸಿರಿನ ಜಾಗ ಮೂರೂ ಸಿಗುತ್ತವೆ. ಆಯ್ದ ಜಾಗ ಬಂದಾಗ ರೆಕಾರ್ಡಿಂಗ್ ತಾನಾಗಿ ಶುರುವಾಗಿ, ಮುಗಿದಾಗ ತಾನಾಗಿ ನಿಲ್ಲುತ್ತದೆ. ಅಂಚುಗಳಲ್ಲಿ ಐದೋ ಹತ್ತೋ ಮಿಲಿಸೆಕೆಂಡಿನ ಕ್ರಾಸ್‌ಫೇಡ್ ಹಾಕಿ, ಹಳೆಯ ದನಿ ಇಳಿಯುತ್ತ ಹೊಸದು ಏರುವಂತೆ ಮಾಡಿದರೆ ಹೊಲಿಗೆ ಕೇಳಿಸುವುದಿಲ್ಲ. ಅರ್ಧ ನಿಮಿಷದ ವ್ಯವಹಾರ.

ಇಷ್ಟು ಸುಲಭವಾಗಿದ್ದನ್ನು ಹಾಗೇ ಬಿಡಲಾದೀತೇ? ಹೊಸ ಆವೃತ್ತಿಯಲ್ಲಿ ಪ್ರೀ-ರೋಲ್ ಬಟನ್ ಟೂಲ್‌ಬಾರ್‌ನಿಂದ ಎದ್ದು ಮೂರು ಚುಕ್ಕಿಯ ಮೆನುವಿನೊಳಗೆ, ಅಲ್ಲಿಂದ ‘ಇನ್ನಷ್ಟು’ ಎಂಬ ಉಪಮೆನುವಿನೊಳಗೆ ಹೋಗಿ ಕುಳಿತಿದೆ. ಖಾಲಿಯಾದ ಜಾಗದಲ್ಲಿ ಕೌಂಟ್-ಇನ್ ಬಂದಿದೆ. ಎರಡೂ ಒಂದೇ ತಾನೇ ಎಂದು ಯಾರೋ ಮೀಟಿಂಗಿನಲ್ಲಿ ಹೇಳಿರಬೇಕು. ಕೌಂಟ್-ಇನ್‌ನಲ್ಲಿ ಕೇಳಿಸುವುದು ಬರೀ ಟಿಕ್ ಟಿಕ್. ಅದರಿಂದ ಲಯ ಸಿಗುತ್ತದೆ, ಶ್ರುತಿ ಸಿಗುವುದಿಲ್ಲ. ಎಂಟು ಟಿಕ್ ಕೇಳಿ, ಗಾಳಿಯಿಂದ ಪಂಚಮ ಹಿಡಿದು, ಸಾಲಿನ ನಡುವಿನ ಒಂದೇ ಪದವನ್ನು ಅದೇ ಭಾವದಲ್ಲಿ ಹಾಡಿ ಎಂದರೆ ಎಂಥ ಗಾಯಕಿಯೂ ತಡವರಿಸುತ್ತಾರೆ. ನೀವು ಉಪಮೆನು ಹುಡುಕುತ್ತಿರುವ ಹೊತ್ತಿನಲ್ಲಿ ಅವರು ‘ಏನಾದರೂ ತೊಂದರೆಯಾ?’ ಎಂದು ಮೈಕಿನಲ್ಲಿ ಕೇಳುತ್ತಾರೆ. ನಿಮ್ಮ ಮಾತನ್ನು ಅವರ ಹೆಡ್‌ಫೋನಿಗೆ ಮುಟ್ಟಿಸುವ ಟಾಕ್‌ಬ್ಯಾಕ್ ಬಟನ್ನೂ ಜಾಗ ಬದಲಿಸಿರುವುದರಿಂದ ಉತ್ತರ ಅವರಿಗೆ ತಲುಪುವುದಿಲ್ಲ.

ಕುಣಿಯಲಾರದವರು ನೆಲ ಡೊಂಕು ಅನ್ನುತ್ತಾರೆ ಎಂದು ಹೊಸತನದ ಅಭಿಮಾನಿಗಳು ಚುಚ್ಚುವುದುಂಟು. ಇಲ್ಲಿ ಕುಣಿಯುವವರು ಚೆನ್ನಾಗಿಯೇ ಕುಣಿಯುತ್ತಿದ್ದರು, ರಾತ್ರೋರಾತ್ರಿ ಬಂದು ನೆಲ ಅಗೆದವರು ಬೇರೆಯವರು.

ಕಣ್ಣಿಗೆ ಕಾಣುವ ಬದಲಾವಣೆಗೆ ಹೇಗೋ ಒಗ್ಗಿಕೊಳ್ಳಬಹುದು. ಸದ್ದಿಲ್ಲದೆ ಆಗುವ ಸೇವೆ ಇನ್ನೂ ದೊಡ್ಡದು. ಹೊಸ ಆವೃತ್ತಿ ಮೊದಲ ಸಲ ತೆರೆದುಕೊಳ್ಳುವಾಗ ಆಡಿಯೊ ಸೆಟ್ಟಿಂಗುಗಳನ್ನು ತನ್ನ ಮೂಲ ಸ್ಥಿತಿಗೆ ತಂದುಕೊಳ್ಳುವುದುಂಟು. ಕಂಪ್ಯೂಟರ್ ದನಿಯನ್ನು ಕಂತು ಕಂತಾಗಿ ಕೂಡಿಟ್ಟುಕೊಂಡು ಮುಂದೆ ಕಳಿಸುತ್ತದೆ, ಆ ಕಂತಿಗೆ ಬಫರ್ ಎಂದು ಹೆಸರು, ಅದರ ಅಳತೆ ಸ್ಯಾಂಪಲ್‌ಗಳಲ್ಲಿ. ನೀವು 128 ಸ್ಯಾಂಪಲ್‌ಗೆ ಇಟ್ಟಿದ್ದ ಬಫರ್ 1024ಕ್ಕೆ ಏರಿರುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್‌ನಂತೆ, 128 ಎಂದರೆ 2.7 ಮಿಲಿಸೆಕೆಂಡ್, 1024 ಎಂದರೆ 21.3. ಒಳಬರುವಾಗ ಒಮ್ಮೆ, ಹೊರಹೋಗುವಾಗ ಒಮ್ಮೆ ಲೆಕ್ಕ ಹಾಕಿದರೆ ಗಾಯಕಿಗೆ ತಮ್ಮ ದನಿ 40 ಮಿಲಿಸೆಕೆಂಡಿಗಿಂತ ಹೆಚ್ಚು ತಡವಾಗಿ ಕೇಳುತ್ತದೆ. ಅವರು ಆ ದನಿಗಾಗಿ ಕಾಯುತ್ತ ಹಾಡುತ್ತಾರೆ, ಪ್ರತಿ ಸಾಲೂ ತಾಳದ ಹಿಂದೆ ಎಳೆಯುತ್ತದೆ. ಕೋಣೆಯಲ್ಲಿರುವ ಎಲ್ಲರೂ ಒಮ್ಮತದಿಂದ ‘ಇವತ್ತು ಯಾಕೋ ಲಯ ಸರಿಯಿಲ್ಲ’ ಎಂದು ತೀರ್ಮಾನಿಸುತ್ತಾರೆ. ಬಫರ್ ಮೇಲೆ ಯಾರೂ ಅನುಮಾನ ಪಡುವುದಿಲ್ಲ, ಅದರ ಅಂಕಿ ಈಗ ಪರದೆಯ ಮೇಲೆ ಇಲ್ಲವಲ್ಲ.

ತಡವಾದದ್ದು ಗೊತ್ತಾಗಿ ಮೈಕ್ ಜೋಡಿಸುವ ಇಂಟರ್‌ಫೇಸ್ ಪೆಟ್ಟಿಗೆಯಿಂದಲೇ ದನಿಯನ್ನು ನೇರ ಹೆಡ್‌ಫೋನಿಗೆ ಕೊಡುವ ಡೈರೆಕ್ಟ್ ಮಾನಿಟರಿಂಗ್ ಹಚ್ಚಿದರೆ ಕಥೆ ಮುಂದುವರಿಯುತ್ತದೆ. ಸಾಫ್ಟ್‌ವೇರ್ ತನ್ನ ಇನ್‌ಪುಟ್ ಮಾನಿಟರಿಂಗನ್ನು ಈಗ ‘ಆಟೊ’ಗೆ ಇಟ್ಟುಕೊಂಡಿರುತ್ತದೆ, ಟ್ರ್ಯಾಕನ್ನು ಆರ್ಮ್ ಮಾಡಿದ, ಅಂದರೆ ರೆಕಾರ್ಡಿಂಗ್‌ಗೆ ಸಜ್ಜುಗೊಳಿಸಿದ, ಕೂಡಲೇ ತಾನೂ ದನಿ ಕೊಡುತ್ತದೆ. ಒಂದೇ ದನಿ ಎರಡು ದಾರಿಯಲ್ಲಿ ಬರುತ್ತದೆ. ಬಫರ್ ದೊಡ್ಡದಿದ್ದರೆ ಪ್ರತಿಧ್ವನಿ, ಚಿಕ್ಕದಿದ್ದರೆ ಕೆಲವು ಕಂಪನಾಂಕಗಳು ಒಂದನ್ನೊಂದು ಕೊಂದು ದನಿ ಟೊಳ್ಳಾಗಿ ಕೇಳುತ್ತದೆ. ಎರಡರಲ್ಲಿ ಒಂದನ್ನು ಆರಿಸಿದರೆ ಮುಗಿಯಿತು. ಆರಿಸುವ ಬಟನ್ ಎಲ್ಲಿದೆ ಎಂಬುದಕ್ಕೆ ಮೇಲೆ ಹೇಳಿದ ಮೂರು ಚುಕ್ಕಿಗಳನ್ನೇ ಶರಣು ಹೋಗಬೇಕು.

ಸ್ಯಾಂಪಲ್ ರೇಟಿನ, ಅಂದರೆ ಮೇಲಿನ ಕಿಲೋಹರ್ಟ್ಸ್ ಅಂಕಿಯ, ವಿಚಾರ ಹಾಸ್ಯಕ್ಕೆ ಇನ್ನೂ ಹತ್ತಿರ. 44.1 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಆದ ಫೈಲು ಪರಿವರ್ತನೆಯಾಗದೆ 48ರ ಪ್ರಾಜೆಕ್ಟಿನಲ್ಲಿ ನುಡಿದರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ, ನಾಲ್ಕು ನಿಮಿಷದ ಹಾಡು 3 ನಿಮಿಷ 40 ಸೆಕೆಂಡಿಗೇ ಮುಗಿಯುತ್ತದೆ. ಕೆಲಸ ಬೇಗ ಮುಗಿಯುತ್ತದೆ ಎಂಬ ಜಾಹೀರಾತಿನ ಭರವಸೆ ಅಕ್ಷರಶಃ ಈಡೇರುವುದು ಇಲ್ಲೊಂದೇ ಕಡೆ.

ಹಾಗೆಂದು ಬದಲಾವಣೆಯೆಲ್ಲ ಕಿರುಕುಳವಲ್ಲ, ಅಷ್ಟು ನ್ಯಾಯ ಹೇಳಲೇಬೇಕು. 2013ರಲ್ಲಿ ಬಂದ ಪ್ರೊ ಟೂಲ್ಸ್ 11 ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಆಫ್‌ಲೈನ್ ಬೌನ್ಸ್ ತಂದಿತು, ಅಂದರೆ ಹಾಡು ಪೂರ್ತಿ ನುಡಿಯುವವರೆಗೆ ಕಾಯದೆ ಮಿಕ್ಸ್ ಹೊರತೆಗೆಯುವ ಸೌಲಭ್ಯ. ಅದಕ್ಕೆ ಮುಂಚೆ ಐದು ನಿಮಿಷದ ಮಿಕ್ಸ್ ಹೊರತೆಗೆಯಲು ಐದು ನಿಮಿಷವೂ ಕಾಯಬೇಕಿತ್ತು, ಕೊನೆಯಲ್ಲಿ ಒಂದು ತಪ್ಪು ಕಂಡರೆ ಇನ್ನೈದು. 2022ರ ಕ್ಯೂಬೇಸ್ 12 ಡಾಂಗಲ್ ಎಂಬ ಯುಎಸ್‌ಬಿ ಬೀಗದಕೈಯಿಂದ ಬಿಡುಗಡೆ ಕೊಟ್ಟಿತು, ಅದು ಕಳೆದುಹೋದರೆ ಎಂದು ಹೆದರುವ ಕೆಲಸ ತಪ್ಪಿತು. 2021ರ ಕೊನೆಯಲ್ಲಿ ಬಂದ ಒಡಾಸಿಟಿ 3.1 ತುಣುಕುಗಳನ್ನು ಹಿಂದೆ ಮುಂದೆ ಸರಿಸುವ ಟೈಮ್ ಶಿಫ್ಟ್ ಎಂಬ ಉಪಕರಣವನ್ನೇ ತೆಗೆದುಹಾಕಿತು. ತುಣುಕಿನ ಮೇಲಿನ ಪಟ್ಟಿ ಹಿಡಿದು ಎಳೆದರೆ ಸಾಕು, ಉಪಕರಣ ಬದಲಿಸುವ ಗೋಜಿಲ್ಲ. ಇದು ನಿಜಕ್ಕೂ ಮೇಲು. ಆ ಉಪಕರಣಕ್ಕಾಗಿ ಎಫ್5 ಒತ್ತಿ ಒತ್ತಿ ಪಳಗಿದ ಬೆರಳಿಗೆ ಮಾತ್ರ ಈ ತರ್ಕ ತಲುಪಲು ಸ್ವಲ್ಪ ಕಾಲ ಹಿಡಿಯಿತು.

ಆದರೆ ಇಂಥವು ಅಪರೂಪ, ಕಾರಣವೂ ಸರಳ. ಎಂಬತ್ತು ಟ್ರ್ಯಾಕಿನ ಪ್ರಾಜೆಕ್ಟ್ ಉಳಿಸುವಾಗ ಕ್ರ್ಯಾಶ್ ಆಗುತ್ತಿದ್ದುದನ್ನು ಸರಿಪಡಿಸಿದರೆ ಅದರ ಸ್ಕ್ರೀನ್‌ಶಾಟ್ ತೆಗೆಯಲಾಗುವುದಿಲ್ಲ. ಮಿಕ್ಸರ್‌ಗೆ ಬೂದುಬಣ್ಣದ ಮೇಲೆ ಇನ್ನೊಂದು ಬೂದುಬಣ್ಣ ಬಳಿದರೆ ತೆಗೆಯಬಹುದು. ತಿಂಗಳ ಚಂದಾ ಕಟ್ಟಿಸಿಕೊಳ್ಳುವವರು ಏನಾದರೂ ಮಾಡಿದ್ದೇವೆಂದು ಕಣ್ಣಿಗೆ ಕಾಣುವಂತೆ ತೋರಿಸಲೇಬೇಕು. ಮ್ಯೂಟ್, ಸೋಲೋ, ಆರ್ಮ್ ಮೂರೂ ಬಟನ್‌ಗಳು ಒಂದೇ ಬಣ್ಣದ ಪುಟ್ಟ ವೃತ್ತಗಳಾಗುವುದು ಈ ಧರ್ಮಸಂಕಟದಿಂದ.

ಹಳೆಯ ಪ್ರಾಜೆಕ್ಟುಗಳ ಗತಿ ಇನ್ನೊಂದು ಅಧ್ಯಾಯ. ಹೊಸ ಆವೃತ್ತಿಯಲ್ಲಿ ಉಳಿಸಿದ ಫೈಲನ್ನು ಹಳೆಯದು ಸಾಮಾನ್ಯವಾಗಿ ತೆರೆಯುವುದಿಲ್ಲ, ಹೋದ ದಾರಿಯಲ್ಲಿ ಹಿಂದಿರುಗಲು ಬರುವುದಿಲ್ಲ. ಪ್ಲಗಿನ್‌ಗಳ, ಅಂದರೆ ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳುವ ವಾದ್ಯ, ಎಫೆಕ್ಟ್‌ಗಳ, ಕಥೆ 2013ರಲ್ಲೇ ಒಮ್ಮೆ ಆಗಿಹೋಗಿದೆ. ಲಾಜಿಕ್ ಪ್ರೊ ಎಕ್ಸ್ ಮತ್ತು ಪ್ರೊ ಟೂಲ್ಸ್ 11 ಎರಡೂ ಆ ವರ್ಷ ಬರೀ 64 ಬಿಟ್‌ನವಾಗಿ, 32 ಬಿಟ್ ಪ್ಲಗಿನ್‌ಗಳನ್ನು ಬಾಗಿಲಲ್ಲೇ ನಿಲ್ಲಿಸಿದವು. ಪ್ರಾಜೆಕ್ಟ್ ತೆರೆದುಕೊಳ್ಳುತ್ತದೆ, ಟ್ರ್ಯಾಕ್ ಕಾಣುತ್ತದೆ, ಯಾವ ಸ್ವರ ಯಾವಾಗ ಎಂದು ಹೇಳುವ ಮಿಡಿ ನೋಟುಗಳೂ ಸಾಲಾಗಿ ನಿಂತಿರುತ್ತವೆ. ನುಡಿಸಬೇಕಾದ ವಾದ್ಯ ಮಾತ್ರ ಇಲ್ಲ.

ಆದ್ದರಿಂದ ಅಪ್‌ಡೇಟ್ ಎಂಬ ಭಾಗ್ಯ ಬರುವ ಮುನ್ನ ಜಾಣರು ಮಾಡುವುದಿಷ್ಟು. ನಡೆಯುತ್ತಿರುವ ಪ್ರಾಜೆಕ್ಟ್ ಮುಗಿಯುವವರೆಗೆ ಕೈ ಕಟ್ಟಿಕೊಂಡಿರುತ್ತಾರೆ. ಹಳೆಯ ಆವೃತ್ತಿಯ ಇನ್‌ಸ್ಟಾಲರನ್ನು ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳುತ್ತಾರೆ, ಯಾಕೆಂದರೆ ಕಂಪನಿಯ ಪುಟದಲ್ಲಿ ಅದು ಎಷ್ಟು ದಿನ ಇರುತ್ತದೆಂದು ಹೇಳುವಂತಿಲ್ಲ. ಪ್ರತಿ ಟ್ರ್ಯಾಕನ್ನೂ ಮೊದಲ ಬಾರ್‌ನಿಂದಲೇ ಆರಂಭವಾಗುವಂತೆ 24 ಬಿಟ್ ವೇವ್ ಫೈಲಾಗಿ ಹೊರತೆಗೆಯುತ್ತಾರೆ, ಎಫೆಕ್ಟ್ ಸಹಿತ ಒಂದು, ರಹಿತ ಒಂದು. ಒಂದೇ ಜಾಗದಿಂದ ಶುರುವಾದ ಫೈಲುಗಳನ್ನು ಯಾವ ಸಾಫ್ಟ್‌ವೇರ್‌ಗೆ ಎಳೆದು ಹಾಕಿದರೂ ಸಾಲಾಗಿ ಕೂರುತ್ತವೆ. ಟೆಂಪೊ ಮತ್ತು ಸ್ಯಾಂಪಲ್ ರೇಟನ್ನು ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬರೆದಿಡುತ್ತಾರೆ. ಹೊಸ ಆವೃತ್ತಿಯಲ್ಲಿ ಹಳೆಯ ಪ್ರಾಜೆಕ್ಟ್ ತೆರೆಯುವಾಗ ಮೂಲವನ್ನು ಮುಟ್ಟದೆ ನಕಲನ್ನಷ್ಟೇ ತೆರೆಯುತ್ತಾರೆ.

ಶಾರ್ಟ್‌ಕಟ್‌ಗಳ ಫೈಲನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳುವುದೂ ಒಳ್ಳೆಯದೇ. ಆದರೆ ಹೆಸರು ಬದಲಾದ ಆಜ್ಞೆಗಳು ಇಂಪೋರ್ಟ್ ಆಗುವಾಗ ಸದ್ದಿಲ್ಲದೆ ಉದುರಿಹೋಗಬಹುದು, ಹಾಗಾಗಿ ನಿತ್ಯ ಬೇಕಾದ ಹತ್ತು ಹನ್ನೆರಡನ್ನು ಕೈಯಿಂದಲೇ ಮತ್ತೆ ಹೊಂದಿಸಬೇಕು: ರೆಕಾರ್ಡ್, ಪ್ರೀ-ರೋಲ್, ತುಂಡರಿಸುವುದು, ಕ್ರಾಸ್‌ಫೇಡ್, ಲೂಪ್, ಮಾರ್ಕರ್, ಹೀಗೆ. ಆಯ್ಕೆ ಮಾಡುವಾಗ ಆಪರೇಟಿಂಗ್ ಸಿಸ್ಟಮ್‌ನೊಂದಿಗೆ ಜಗಳ ತಂದುಕೊಳ್ಳಬಾರದು. ಮ್ಯಾಕ್‌ನಲ್ಲಿ ಕಮಾಂಡ್-ಸ್ಪೇಸ್ ಒತ್ತಿದರೆ ಪ್ರೊ ಟೂಲ್ಸ್ ರೆಕಾರ್ಡ್ ಶುರು ಮಾಡಬೇಕು, ಮ್ಯಾಕ್ ತನ್ನ ಸ್ಪಾಟ್‌ಲೈಟ್ ಹುಡುಕಾಟ ತೆರೆಯಬೇಕು. ಒಂದೇ ಕೀಲಿಗೆ ಇಬ್ಬರು ಹಕ್ಕುದಾರರು. ಸ್ಪಾಟ್‌ಲೈಟ್‌ಗೆ ಬೇರೆ ಕೀಲಿ ಕೊಡುವವರೆಗೆ ಟೇಕ್ ಶುರುವಾಗುವ ಬದಲು ಹುಡುಕಾಟದ ಪೆಟ್ಟಿಗೆ ಬಾಯಿ ತೆರೆದು ನಿಲ್ಲುತ್ತದೆ.

ಇಷ್ಟಕ್ಕೆಲ್ಲ ಎರಡು ಇಡೀ ದಿನ ಹಿಡಿಯುತ್ತದೆ. ಆ ಎರಡು ದಿನ ಕಂಪನಿಯ ‘ಉಳಿತಾಯವಾದ ಸಮಯ’ದ ಲೆಕ್ಕಕ್ಕೆ ಸೇರುವುದಿಲ್ಲ.

ಕೊನೆಗೆ ಬರುವುದು ನಿಮ್ಮ ಅಭಿಪ್ರಾಯ ಕೇಳುವ ಕಿಟಕಿ. ಅದಕ್ಕೆ ಸಮಯಪ್ರಜ್ಞೆ ಅಪಾರ. ಟೇಕ್ ನಡೆಯುತ್ತಿರುವಾಗಲೇ ಪ್ಲೇ, ರೆಕಾರ್ಡ್ ಬಟನ್‌ಗಳಿರುವ ಟ್ರಾನ್ಸ್‌ಪೋರ್ಟ್ ಪಟ್ಟಿಯ ಮೇಲೆ ಎದ್ದು ನಿಂತು, ಹೊಸ ವಿನ್ಯಾಸ ಹೇಗನ್ನಿಸಿತು ಎಂದು ವಿಚಾರಿಸುತ್ತದೆ. ಆಯ್ಕೆಗಳು ಮೂರು: ತುಂಬಾ ಇಷ್ಟವಾಯಿತು, ಇಷ್ಟವಾಯಿತು, ಆಮೇಲೆ ಕೇಳಿ. ಹಾಡು ಮುಗಿಯುತ್ತದೆ, ನೀವು ಅಭ್ಯಾಸಬಲದಿಂದ ರೆಕಾರ್ಡಿಂಗ್ ನಿಲ್ಲಿಸಲು ಸ್ಪೇಸ್‌ಬಾರ್ ಒತ್ತುತ್ತೀರಿ. ಕೀಲಿಮಣೆಯ ಗಮನವೆಲ್ಲ ಆ ಹೊತ್ತಿಗೆ ಕಿಟಕಿಯ ಮೊದಲ ಬಟನ್ ಮೇಲಿರುವುದರಿಂದ ರೆಕಾರ್ಡಿಂಗ್ ನಿಲ್ಲುವುದಿಲ್ಲ, ‘ತುಂಬಾ ಇಷ್ಟವಾಯಿತು’ ದಾಖಲಾಗುತ್ತದೆ. ಮುಂದಿನ ಆವೃತ್ತಿಯ ಘೋಷಣೆಯಲ್ಲಿ ಬಳಕೆದಾರರ ಅಭೂತಪೂರ್ವ ಮೆಚ್ಚುಗೆಯ ಪ್ರಸ್ತಾಪ ಬರುವುದು ಹೀಗೆ.